ಓರಣಯ್ಯನವರ ಕುರಿ ಸಂಶೋಧನೆ

ಓರಣಯ್ಯನವರ ನಿಜವಾದ ಹೆಸರು ಪಿಂಚಣಿ ಕಚೇರಿಯವರನ್ನು ಬಿಟ್ಟರೆ ಬೇರೆ ಯಾರಿಗೂ ನೆನಪಿಲ್ಲ. ಅಂಚೆ ಕಚೇರಿಯಲ್ಲಿ ಜೀವಮಾನವೆಲ್ಲ ಕಾಗದ ವಿಂಗಡಿಸಿ ನಿವೃತ್ತರಾದವರು ಅವರು. ಲೋಕದಲ್ಲಿ ಪ್ರತಿ ವಸ್ತುವಿಗೂ ಒಂದು ಗೂಡಿದೆ, ಗೂಡು ಬಿಟ್ಟು ಹೊರಗಿರುವ ವಸ್ತು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಾಗೆ ಒಳಗೊಳಗೇ ಅಳುತ್ತಿರುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಹೆಂಡತಿ ಉಪ್ಪಿನ ಡಬ್ಬಿ ಕೆಳಗಿಟ್ಟು ಸೌಟಿಗೆ ಕೈ ಹಾಕುವಷ್ಟರಲ್ಲಿ ಡಬ್ಬಿ ಮತ್ತೆ ಅದರ ಜಾಗ ಸೇರಿರುತ್ತಿತ್ತು. ಆ ಮನೆಯ ಅಡುಗೆಗೆ ಒಂದು ದಿನ ಉಪ್ಪೇ ಬೀಳದಿರುವುದಕ್ಕೂ ಇನ್ನೊಂದು ದಿನ ಎರಡು ಸಲ ಬೀಳುವುದಕ್ಕೂ ಇದೇ ಕಾರಣ.

ಅವರ ಮಗಳು ಕಾಲೇಜಿನಲ್ಲಿ ವಿಜ್ಞಾನದ ಕೊನೆಯ ವರ್ಷ ಓದುತ್ತಿದ್ದಳು. ಮೆಟ್ಟಿಲು ಇಳಿಯುವಾಗ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತಿದ್ದಳು. ಕೂತವಳ ಚಿಂತೆ ಕಾಲಿನದಲ್ಲ, ಪ್ರಾಜೆಕ್ಟಿನದು. ಎರೆಹುಳುವಿಗೆ ಕಣ್ಣಿಲ್ಲ, ಆದರೂ ಬೆಳಕು ಬಿದ್ದ ಕೂಡಲೇ ಮಣ್ಣಿನೊಳಕ್ಕೆ ನುಗ್ಗುತ್ತದೆ. ಅದಕ್ಕೆ ಹೇಗೆ ಗೊತ್ತಾಗುತ್ತದೆ? ಇದು ಅವಳ ವಿಷಯ. ಈ ಬಗ್ಗೆ ದೊಡ್ಡದೊಡ್ಡವರು ಬರೆದ ಲೇಖನಗಳೆಲ್ಲ ಕಾಲೇಜು ಗ್ರಂಥಾಲಯದ ವಿಜ್ಞಾನ ಕೊಠಡಿಯ ದಪ್ಪದಪ್ಪ ಸಂಪುಟಗಳಲ್ಲಿದ್ದವು. ಅವನ್ನು ಮನೆಗೆ ಕೊಡುವುದಿಲ್ಲ. ಯಾರಾದರೂ ದಿನಾ ಹೋಗಿ, ಹುಡುಕಿ, ಜೆರಾಕ್ಸ್ ಮಾಡಿಸಿ ತರಬೇಕು.

"ಕಣ್ಣಿಲ್ಲದ ಹುಳ ಯಾಕೆ ಬೇಕಿತ್ತೇ? ಕಣ್ಣಿದ್ದೂ ಎದುರಿಗಿರೋದು ಕಾಣದ ನಿಮ್ಮಪ್ಪನ ಮೇಲೆ ಮಾಡಬಾರ್ದಿತ್ತಾ?" ಎಂದರು ತಾಯಿ.

ಕಾಲು ನೋಡಲು ಬಂದಿದ್ದ ಷಡ್ಡಕರು ಅಲ್ಲೇ ಕುರ್ಚಿಯಲ್ಲಿ ತುಂಬಿಕೊಂಡಿದ್ದರು. ಓರಣಯ್ಯನವರ ಹೆಂಡತಿಯ ಅಕ್ಕನ ಗಂಡ. ಮೇಜು ಕುರ್ಚಿಯ ದೊಡ್ಡ ಅಂಗಡಿ ಇಟ್ಟವರು. ಯಾರ ಮನೆಗೆ ಹೋದರೂ ಮೊದಲು ಕುರ್ಚಿಯನ್ನು ಅಲುಗಾಡಿಸಿ ನೋಡಿ, "ನಮ್ಮ ಅಂಗಡೀದಲ್ಲ ಇದು" ಎಂದು ನಿಟ್ಟುಸಿರು ಬಿಟ್ಟು ಆಮೇಲೆ ಕೂರುವವರು.

"ನೋಡಯ್ಯಾ," ಎಂದರು ಅವರು, "ಇದಕ್ಕೆ ಯಾರಾದ್ರೂ ಓದಿದವರನ್ನ ಕಳಿಸಬೇಕು. ಗ್ರಂಥಾಲಯ ಅಂದ್ರೆ ನಿನ್ನ ಅಂಚೆ ಡಬ್ಬಿ ಅಲ್ಲ. ಸಂಶೋಧನೆ!"

ಓರಣಯ್ಯನವರಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. "ಭಾವ, ಗ್ರಂಥಾಲಯ ಅಂದ್ರೆ ನನಗೆ ತವರುಮನೆ ಇದ್ದ ಹಾಗೆ," ಎಂದುಬಿಟ್ಟರು.

"ಗಂಡಸರಿಗೆ ತವರುಮನೆ ಎಲ್ಲಿಂದ ಬಂತು?" ಎಂಬ ಪ್ರಶ್ನೆ ಅಡುಗೆಮನೆಯಿಂದ ಬಂತು. ಮಾರನೆಯ ದಿನವೇ ಓರಣಯ್ಯನವರು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು.

ಗ್ರಂಥಾಲಯದ ಬಾಗಿಲಲ್ಲೇ ಒಂದು ಕಂಪ್ಯೂಟರು. "ನಿಮಗೆ ಬೇಕಾದ ವಿಷಯವನ್ನು ಇಲ್ಲಿ ಬರೆಯಿರಿ" ಎಂದು ಅದರ ನೆತ್ತಿಯ ಮೇಲೆ ಚೀಟಿ. ಬರೆಯುವುದರಲ್ಲಿ ಓರಣಯ್ಯನವರು ಹಿಂದೆ ಬೀಳುವವರಲ್ಲ. ಒಂದೇ ಬೆರಳಿನಲ್ಲಿ, ಆದರೆ ತುಂಬು ಮರ್ಯಾದೆಯಿಂದ ಬರೆದರು:

"ಮಾನ್ಯರೇ, ಕಾಲು ಮುರಿದುಕೊಂಡಿರುವ ನನ್ನ ಮಗಳಿಗೆ, ಎರೆಹುಳುವಿನ ಮೇಲೆ ಬೆಳಕು ಬಿದ್ದರೆ ಏನಾಗುತ್ತದೆ ಎಂಬ ವಿಷಯವಾಗಿ ಲೇಖನಗಳು ಬೇಕಾಗಿರುತ್ತವೆ. ದಯಮಾಡಿ ಒದಗಿಸಿಕೊಡಬೇಕಾಗಿ ವಿನಂತಿ. ಇಂತಿ ತಮ್ಮ ವಿಶ್ವಾಸಿ."

ಕಂಪ್ಯೂಟರು ಕ್ಷಣವೂ ಯೋಚಿಸದೆ ಹೇಳಿತು: ಯಾವ ಫಲಿತಾಂಶವೂ ಇಲ್ಲ.

ವಿಶ್ವಾಸ ಹೆಚ್ಚಾಯಿತೇನೋ ಎಂದು ಕೊನೆಯ ಸಾಲು ತೆಗೆದರು. ಇಲ್ಲ. ವಿನಂತಿ ತೆಗೆದರು. ಇಲ್ಲ. ಮಾನ್ಯರನ್ನು ತೆಗೆದರು, ಮನಸ್ಸು ಗಟ್ಟಿ ಮಾಡಿಕೊಂಡು ಮಗಳ ಮುರಿದ ಕಾಲನ್ನೂ ತೆಗೆದರು. ಆಗಲೂ ಇಲ್ಲ. ಬೆನ್ನ ಹಿಂದೆ ನಿಂತಿದ್ದ ವಿದ್ಯಾರ್ಥಿಗಳ ಸಾಲು ಬಾಗಿಲು ದಾಟಿ ಹೊರಗೆ ಹೋಯಿತು. ಕೊನೆಗೆ ಗ್ರಂಥಪಾಲಕಿ ಎದ್ದು ಬಂದರು. ಪಿಸುಮಾತಿನಲ್ಲೇ ಗದರಿಸುವ ಅಪರೂಪದ ವಿದ್ಯೆ ಕಲಿತ ಹೆಂಗಸು ಅವರು.

"ಸಾರ್, ಯಂತ್ರಕ್ಕೆ ಮರ್ಯಾದೆ ಬೇಡ. ಎರಡು ಶಬ್ದ ಸಾಕು. ಎರೆಹುಳು, ಬೆಳಕು."

ಒತ್ತಿದರು. ಪರದೆಯ ತುಂಬ ಲೇಖನಗಳು ಬಿದ್ದವು. ಎಲ್ಲಿ ಬಾಗಬೇಕು ಎಲ್ಲಿ ಬಾಗಬಾರದು ಎಂದು ಜೀವನ ಕಲಿಸಿದ್ದೆಲ್ಲ ವಿಜ್ಞಾನದ ಮುಂದೆ ಸುಳ್ಳಾಯಿತಲ್ಲ ಎಂದುಕೊಳ್ಳುತ್ತ ಓರಣಯ್ಯನವರು ಮೆಟ್ಟಿಲು ಹತ್ತಿದರು.

ಮಹಡಿಯ ಮೇಲಿನ ವಿಜ್ಞಾನ ಕೊಠಡಿಯನ್ನು ನೋಡಿ ಅವರ ಎದೆ ತುಂಬಿ ಬಂತು. ಗೋಡೆಯುದ್ದಕ್ಕೂ ಕಪಾಟು, ಪ್ರತಿ ಕಪಾಟಿಗೂ ಅಂಕಿ, ಪ್ರತಿ ಸಂಪುಟದ ಬೆನ್ನಿಗೂ ಅಂಕಿ. ಇಡೀ ಕೊಠಡಿಯೇ ಒಂದು ಅಂಚೆ ವಿಂಗಡಣೆಯ ಗೂಡು! ಅರ್ಧ ಗಂಟೆಯಲ್ಲಿ ಎರೆಹುಳುವಿನ ಎರಡು ಲೇಖನ ಹಿಡಿದುಬಿಟ್ಟರು. ಅಲ್ಲಿಗೇ ನಿಲ್ಲಿಸಿ ಮನೆಗೆ ಹೋಗಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಮೇಜುಗಳು ಕಣ್ಣಿಗೆ ಬಿದ್ದವು. ಓದಿ ಎದ್ದುಹೋದ ವಿದ್ಯಾರ್ಥಿಗಳು ಬಿಟ್ಟ ಸಂಪುಟಗಳು ಕೆಲವು ತೆರೆದು ಬಿದ್ದಿದ್ದವು, ಕೆಲವು ಮಗುಚಿಕೊಂಡಿದ್ದವು. ಓರಣಯ್ಯನವರ ಕೈ ತುರಿಸಿತು.

ಮೇಜಿನ ಮೇಲೆ ಒಂದು ಫಲಕವೇನೋ ಇತ್ತು. "ಓದಿದ ಸಂಪುಟಗಳನ್ನು ದಯವಿಟ್ಟು ಕಪಾಟಿಗೆ ಮರಳಿಸಬೇಡಿ. ಮೇಜಿನ ಮೇಲೆಯೇ ಬಿಡಿ." ಓರಣಯ್ಯನವರು ಅದನ್ನು ಎರಡು ಸಲ ಓದಿ ಮುಗುಳ್ನಕ್ಕರು. ಉಂಡ ಮನೆಯವರು "ಅಯ್ಯೋ ತಟ್ಟೆ ಬಿಡಿ, ನಾವೇ ಎತ್ತುತ್ತೇವೆ" ಎನ್ನುತ್ತಾರೆ. ಹಾಗೆ ಅನ್ನುವುದು ಅವರ ದೊಡ್ಡತನ. ಅಂದರೆಂದು ಬಿಟ್ಟು ಬರುವುದು ನಮ್ಮ ಸಣ್ಣತನ. ಇಷ್ಟು ತಿಳಿಯದೆ ಅವರು ತಲೆ ಬೆಳ್ಳಗೆ ಮಾಡಿಕೊಂಡಿರಲಿಲ್ಲ. ಒಂದೊಂದೇ ಸಂಪುಟವನ್ನು ಎತ್ತಿ, ಧೂಳು ಒರೆಸಿ, ಅದರದರ ಗೂಡಿಗೆ ಸೇರಿಸಿ, ಸಂಜೆ ಗಂಟೆ ಬಾರಿಸುವ ಹೊತ್ತಿಗೆ ಮೇಜುಗಳನ್ನು ಕನ್ನಡಿಯಂತೆ ಮಾಡಿ ಕೆಳಗಿಳಿದರು.

ಅಂದಿನಿಂದ ಅದೇ ದಿನಚರಿ. ಬೆಳಿಗ್ಗೆ ಎರೆಹುಳು, ಮಧ್ಯಾಹ್ನದ ಮೇಲೆ ಓರಣ. ವಿದ್ಯಾರ್ಥಿಗಳು ಬರುವರು, ಓದುವರು, ಬಿಟ್ಟು ಹೋಗುವರು, ಓರಣಯ್ಯನವರು ಎತ್ತಿಡುವರು. ಮನೆಯಲ್ಲಿ ಮಗಳು ಕಣ್ಣರಳಿಸಿ ಜೆರಾಕ್ಸ್ ಓದುತ್ತಿದ್ದಳು. ಪ್ರಾಜೆಕ್ಟು ಅರ್ಧ ಮುಗಿಯಿತು. ಷಡ್ಡಕರು ಸಿಕ್ಕಾಗಲೆಲ್ಲ ಓರಣಯ್ಯನವರು, "ಸಂಶೋಧನೇಲಿ ಸ್ವಲ್ಪ ಬಿಡುವಿಲ್ಲ ಭಾವ" ಎನ್ನಲು ಶುರುಮಾಡಿದರು.

ಇತ್ತ ಗ್ರಂಥಪಾಲಕಿ ಪ್ರತಿ ಸಂಜೆ ಕೈಯಲ್ಲಿ ಪುಟ್ಟ ಸ್ಕ್ಯಾನರ್ ಹಿಡಿದು ಮೇಲೆ ಹೋಗುವರು, ಖಾಲಿ ಮೇಜು ನೋಡುವರು, ಸಪ್ಪೆ ಮುಖ ಹೊತ್ತು ಇಳಿಯುವರು.

ಮೂರನೆಯ ವಾರ ಷಡ್ಡಕರೇ ಮನೆಗೆ ಸುದ್ದಿ ಹೊತ್ತು ಬಂದರು. ಅವತ್ತು ಅವರು ಕುರ್ಚಿಯನ್ನು ಅಲುಗಾಡಿಸದೆ ಕೂತರು. ಅಷ್ಟು ಖುಷಿ.

"ದೊಡ್ಡ ಆರ್ಡರು ಕಣಯ್ಯಾ! ಕಾಲೇಜಿನ ಪ್ರಾಂಶುಪಾಲರು ಸಭೆ ಕೊಠಡಿ ಮಾಡಿಸ್ತಿದಾರೆ. ದುಂಡು ಮೇಜು, ಸುತ್ತ ಮೆತ್ತೆ ಕುರ್ಚಿ. ಎಲ್ಲ ನಮ್ಮ ಅಂಗಡೀದು."

"ಎಲ್ಲಿ ದೊಡ್ಡಪ್ಪಾ?" ಎಂದಳು ಮಗಳು.

"ಅವರ ಕೊಠಡಿ ಪಕ್ಕದಲ್ಲೇ ಒಂದಿದೆಯಲ್ಲಮ್ಮ, ವಿಜ್ಞಾನದ ಪುಸ್ತಕ ಇಡೋದು. ಅಲ್ಲಿಗೆ ನೊಣಾನೂ ಹೋಗಲ್ವಂತೆ. ಲೆಕ್ಕ ತೆಗೆದರೆ ದುಂಡು ಸೊನ್ನೆ. ಇದೊಂದು ವಾರ ನೋಡ್ತಾರೆ. ಆಮೇಲೆ ಎಲ್ಲ ಮೂಟೆ ಕಟ್ಟಿ ನೆಲಮಾಳಿಗೆಗೆ."

ಮಗಳ ಮುಖ ಪ್ಲಾಸ್ಟರಿಗಿಂತ ಬೆಳ್ಳಗಾಯಿತು. ಷಡ್ಡಕರು ಹೋದ ಮೇಲೆ, "ನನ್ನ ಗತಿ ಏನಪ್ಪಾ? ಇನ್ನೂ ಅರ್ಧ ಪ್ರಾಜೆಕ್ಟ್ ಇದೆ. ಮೂಟೆ ಕಟ್ಟಿದ್ರೆ ಈ ವರ್ಷ ಹೋಯ್ತು ಅಂತಾನೇ. ಆದ್ರೆ ಸೊನ್ನೆ ಹೇಗಾಗುತ್ತೆ? ನನ್ನ ಸ್ನೇಹಿತರೆಲ್ಲ ದಿನಾ ಅಲ್ಲೇ ಓದ್ತಾರೆ!" ಎಂದಳು.

"ಓದ್ತಾರಮ್ಮ, ಚೆನ್ನಾಗಿ ಓದ್ತಾರೆ. ಓದಿ ಹಾಗೇ ಬಿಟ್ಟು ಹೋಗ್ತಾರೆ, ಅದೊಂದೇ ದೋಷ. ನಾನಿದೀನಲ್ಲ, ಒಂದೂ ಬಿಡದ ಹಾಗೆ ದಿನಾ ಎತ್ತಿಡ್ತೀನಿ," ಎಂದರು ಓರಣಯ್ಯನವರು ಹೆಮ್ಮೆಯಿಂದ.

ಮಗಳು ಬಾಯಿ ತೆರೆದಳು. ಮುಚ್ಚಲಿಲ್ಲ.

"ಅಪ್ಪಾ... ಸಂಜೆ ಮೇಜಿನ ಮೇಲಿರೋ ಸಂಪುಟಾನೇ ಅವರು ಎಣಿಸೋದು! ಅದೇ ಲೆಕ್ಕ! ಮೇಜಿನ ಮೇಲಿದ್ರೆ ಓದಿದಾರೆ ಅಂತ, ಇಲ್ದಿದ್ರೆ ಇಲ್ಲ ಅಂತ! ಅದಕ್ಕೇ ಅಲ್ವಾ ಎತ್ತಿಡಬೇಡಿ ಅಂತ ಫಲಕ ಹಾಕಿರೋದು!"

ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದರು. ಕೈಯಲ್ಲಿ ಉಪ್ಪಿನ ಡಬ್ಬಿ. "ಇಷ್ಟು ವರ್ಷ ಮನೆ ಒಂದನ್ನೇ ಹಾಳು ಮಾಡ್ತಿದ್ರಿ. ಈಗ ವಿಜ್ಞಾನಕ್ಕೂ ಕೈ ಹಾಕಿದ್ರಾ?"

"ಅಪ್ಪಾ, ನಾಳೆ ಹೋಗಿ ಮೇಡಂ ಹತ್ರ ನಿಜ ಹೇಳಿಬಿಡು. ಒಳ್ಳೆಯವರು ಅವರು."

ಹೇಳುತ್ತೇನೆ ಎಂದು ಓರಣಯ್ಯನವರು ತಲೆಯಾಡಿಸಿದರು. ಹೇಳುವ ಮನಸ್ಸೂ ಇತ್ತು. ಆದರೆ ನಿಜ ಗ್ರಂಥಪಾಲಕಿಯಿಂದ ಪ್ರಾಂಶುಪಾಲರಿಗೆ, ಪ್ರಾಂಶುಪಾಲರಿಂದ ಷಡ್ಡಕರಿಗೆ, ಷಡ್ಡಕರಿಂದ ನೆಂಟರಿಷ್ಟರ ಪ್ರತಿಯೊಂದು ಮನೆಗೆ ಎಷ್ಟು ವೇಗದಲ್ಲಿ ಬಟವಾಡೆಯಾಗುತ್ತದೆ ಎಂಬುದು ಅಂಚೆಯವರಿಗೆ ಗೊತ್ತಿರದೆ ಮತ್ತಾರಿಗೆ ಗೊತ್ತಿರಬೇಕು? ಮರುದಿನ ಗ್ರಂಥಾಲಯದ ಮೆಟ್ಟಿಲು ಹತ್ತುವಷ್ಟರಲ್ಲಿ ಅವರು ಬೇರೆಯೇ ದಾರಿ ಕಂಡುಕೊಂಡಿದ್ದರು. ಎತ್ತಿಟ್ಟಿದ್ದರಿಂದ ಕೆಟ್ಟಿತು ತಾನೆ? ಇಳಿಸಿಟ್ಟರೆ ಮೂರು ವಾರದ ಸೊನ್ನೆಯೂ ತುಂಬಿ ಸರಿಹೋಗುತ್ತದೆ.

ಇಳಿಸತೊಡಗಿದರು. ಆದರೆ ಇಲ್ಲೊಂದು ತೊಡಕಿತ್ತು. ಮೂರು ವಾರ ಬಗ್ಗಿ ಎದ್ದು ಎತ್ತಿಟ್ಟು ಹಿಡಿದುಕೊಂಡ ಮಂಡಿ ನೋವಿನಿಂದ ಕೆಳಗಿನ ಅಂಕಣಕ್ಕೆ ಬಗ್ಗಲಾಗದು. ಭುಜದ ಸೆಳೆತದಿಂದ ಮೇಲಿನದಕ್ಕೆ ಕೈ ಎತ್ತಲಾಗದು. ನಡುವಿನ ಅಂಕಣ ಮಾತ್ರ ಹೇಳಿ ಮಾಡಿಸಿದ ಹಾಗೆ ಎದೆಯ ಮಟ್ಟಕ್ಕಿತ್ತು. ಆ ನಡುವಿನ ಅಂಕಣದ ತುಂಬ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ, ಒಂದೇ ಪತ್ರಿಕೆಯ ಹಳೆಯ ಸಂಪುಟಗಳು. ಯಾರೋ ಪುಣ್ಯಾತ್ಮರು ಮನೆ ಖಾಲಿ ಮಾಡುವಾಗ ದಾನವಾಗಿ ಕೊಟ್ಟು ಕೈ ತೊಳೆದುಕೊಂಡವು. ವಿಷಯ: ಕುರಿಗಳ ಜೀರ್ಣಕ್ರಿಯೆ.

ಮೊದಲ ಸಂಜೆ ಗ್ರಂಥಪಾಲಕಿ ಬಂದು ನೋಡಿದರೆ ಮೇಜಿನ ತುಂಬ ಕುರಿ. ಎರಡನೆಯ ಸಂಜೆ ಎರಡು ಮೇಜು ಕುರಿ. ವಾರದ ಕೊನೆಗೆ ಕಿಟಕಿಯ ಕಟ್ಟೆಯ ಮೇಲೂ ಕುರಿ. ದಿನಾ ಅವರು ಎಣಿಸಿ ಕಪಾಟಿಗೆ ಸೇರಿಸಿ ಹೋಗುವರು, ಬೆಳಿಗ್ಗೆ ಓರಣಯ್ಯನವರು ಬಂದು ಮಂದೆಯನ್ನು ಮತ್ತೆ ಹೊರಕ್ಕೆ ಹೊಡೆಯುವರು. ಲೆಕ್ಕದ ಕಾಗದ ಪ್ರಾಂಶುಪಾಲರ ಕೈ ಸೇರಿತು. ಆ ಊರಿನ ಕುರಿಗಳೆಲ್ಲ ಸೇರಿ ಓದಿದ್ದರೂ ಆ ಮೊತ್ತ ಬರುತ್ತಿರಲಿಲ್ಲ.

"ಯಾರ್ರೀ ಇದನ್ನ ಓದ್ತಿರೋದು?" ಎಂದು ಅವರು ಕೂಗಿದ್ದು ಗೋಡೆಯ ಈಚೆ ಓರಣಯ್ಯನವರಿಗೂ ಕೇಳಿಸಿತು.

ಕೇಳಿಸಿತೇ ಹೊರತು ಓಡಲು ಹೊತ್ತು ಸಿಗಲಿಲ್ಲ. ಬಾಗಿಲು ತೆರೆಯಿತು. ಮುಂದೆ ಪ್ರಾಂಶುಪಾಲರು. ಅವರ ಹಿಂದೆ, ಹೊಸ ಸಭೆ ಕೊಠಡಿಯ ಜಾಗ ನೋಡಿಹೋಗಲೆಂದು ಬಂದಿದ್ದ ಆಡಳಿತ ಮಂಡಳಿಯ ಅಧ್ಯಕ್ಷರು. ಉಣ್ಣೆ ವ್ಯಾಪಾರದಲ್ಲಿ ಬೆಳೆದ ಮುದುಕರು. ಅವರ ಹಿಂದೆ, ಅಳತೆ ಟೇಪು ಹಿಡಿದ ಷಡ್ಡಕರು. ಕೊನೆಗೆ ಗ್ರಂಥಪಾಲಕಿ. ಇವರೆಲ್ಲರ ಎದುರಿಗೆ, ಎದೆಗೆ ನಾಲ್ಕು ಸಂಪುಟ ಅವಚಿಕೊಂಡು ನಿಂತ ಓರಣಯ್ಯನವರು.

"ಇದೇನಯ್ಯಾ ಅವತಾರ?" ಎಂದರು ಷಡ್ಡಕರು. "ನಿನಗೂ ಕುರಿಗೂ ಏನು ಸಂಬಂಧ?"

ಪ್ರಾಂಶುಪಾಲರು ಕಣ್ಣು ಕಿರಿದು ಮಾಡಿದರು. "ಇದರಲ್ಲೇನೋ ಮೋಸ ಇದೆ. ಒಬ್ಬ ಮನುಷ್ಯ ವಾರದಲ್ಲಿ ಇಷ್ಟು ಓದೋಕಾಗತ್ತಾ? ಈ ಲೆಕ್ಕ ನಾನು ಒಪ್ಪಲ್ಲ."

ಗ್ರಂಥಪಾಲಕಿ ಮೇಜುಗಳ ಮೇಲೊಮ್ಮೆ, ಓರಣಯ್ಯನವರ ಮೇಲೊಮ್ಮೆ ಕಣ್ಣು ಹಾಯಿಸಿದರು. ಆಮೇಲೆ ತಮ್ಮ ಪ್ರಸಿದ್ಧ ಪಿಸುಮಾತಿನಲ್ಲಿ ಹೇಳಿದರು: "ಸಾರ್, ಆದೇಶ ತಮ್ಮದೇ. ಮೇಜಿನ ಮೇಲಿರೋದೆಲ್ಲ ಓದಿದ್ದು, ಇಲ್ಲದ್ದು ಓದದೇ ಇದ್ದದ್ದು. 'ಜನ ಓದ್ತಾರೆ ಸಾರ್, ನಾನು ನೋಡಿದೀನಿ' ಅಂದಾಗ ತಾವು, 'ನೋಡಿದ್ದು ಬೇಡ, ಲೆಕ್ಕ ತೋರಿಸಿ' ಅಂದಿರಿ. ತೋರಿಸ್ತಿದೀನಿ."

ಪ್ರಾಂಶುಪಾಲರು ಲೆಕ್ಕದ ಕಾಗದವನ್ನು ಮಡಿಸಿ ಜೇಬಿಗಿಟ್ಟರು. ಅಧ್ಯಕ್ಷರು ಮಾತ್ರ ಇದಾವುದನ್ನೂ ಕೇಳಿಸಿಕೊಳ್ಳದೆ ಒಂದು ಸಂಪುಟ ತೆರೆದು, ಕುರಿಯ ಚಿತ್ರವನ್ನು ಮೊಮ್ಮಗುವಿನ ಚಿತ್ರ ನೋಡುವ ಹಾಗೆ ನೋಡುತ್ತಿದ್ದರು.

"ಸ್ವಾಮಿ," ಎಂದರು ಅವರು ಓರಣಯ್ಯನವರ ಕಡೆ ತಿರುಗಿ, "ಇಷ್ಟೆಲ್ಲ ಓದಿ ಏನು ಕಂಡುಹಿಡಿದ್ರಿ?"

ಷಡ್ಡಕರ ಕೈಯಿಂದ ಟೇಪು ಸರ್ರನೆ ಸುತ್ತಿಕೊಂಡು ಡಬ್ಬಿ ಸೇರಿತು. ನಿಜ ಹೇಳಿದರೆ ಮಗಳ ಪ್ರಾಜೆಕ್ಟು ನೆಲಮಾಳಿಗೆಗೆ. ಸುಳ್ಳು ಹೇಳೋಣವೆಂದರೆ, ಸುಳ್ಳು ಹೇಳುವಷ್ಟಾದರೂ ಕುರಿಯ ವಿಷಯ ಗೊತ್ತಿರಬೇಕು. ಸಂಪುಟಗಳನ್ನು ಹೊತ್ತು ಹೊತ್ತು ಸುಸ್ತಾದಾಗ ಕೂತು ಚಿತ್ರ ನೋಡಿದ್ದಷ್ಟೇ ಓರಣಯ್ಯನವರ ಬಂಡವಾಳ. ಕುರಿಯ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ನಾಲ್ಕು ಕೋಣೆ ತೋರಿಸಿ, ಬಾಣದ ಗುರುತು ಹಾಕಿದ ಚಿತ್ರ. ಅದನ್ನು ನೋಡಿದಾಗ ತಮ್ಮ ಹಳೆಯ ಕಚೇರಿ ನೆನಪಾಗಿತ್ತು.

"ಕುರಿ ಅಂದ್ರೆ..." ಎಂದು ಶುರುಮಾಡಿದರು, "ಕುರಿ ಅಂದ್ರೆ ಒಂದು ನಡೆದಾಡೋ ಅಂಚೆ ಕಚೇರಿ, ಸ್ವಾಮಿ."

"ಆಹಾ," ಎಂದರು ಅಧ್ಯಕ್ಷರು.

"ಒಳಗೆ ನಾಲ್ಕು ಕೋಣೆ. ಬಾಯಿಗೆ ಬಿದ್ದ ಹುಲ್ಲೆಲ್ಲ ಮೊದಲನೇ ಕೋಣೇಲಿ ರಾಶಿ. ನಮ್ಮಲ್ಲಿ ಬೆಳಿಗ್ಗೆ ಚೀಲ ಸುರಿದ ಹಾಗೆ. ಅಲ್ಲಿ ವಿಂಗಡಣೆ. ನುಣ್ಣಗಿರೋದು ಮುಂದಿನ ಕೋಣೆಗೆ ಹೋಗುತ್ತೆ. ಒರಟಾಗಿರೋದು, ವಿಳಾಸ ಸರಿ ಇಲ್ಲ ಅಂತ, ಕಳಿಸಿದವರಿಗೇ ವಾಪಸ್! ತಿರುಗಿ ಬಾಯಿಗೆ! ಕುರಿ ಬೇಜಾರು ಮಾಡ್ಕೊಳಲ್ಲ. ಕೂತು ಅಗಿದು, ಹೊಸ ಮೊಹರು ಹಾಕಿ, ಮತ್ತೆ ಒಳಗೆ ಕಳಿಸುತ್ತೆ."

"ದಿನಾನಾ?"

"ರಜಾ ದಿನಾನೂ ಬಿಡಲ್ಲ ಸ್ವಾಮಿ. ನಮ್ಮ ಇಲಾಖೇಲಿ ಅಂಥ ಒಬ್ಬ ನೌಕರ ಇರಲಿಲ್ಲ."

ಅಧ್ಯಕ್ಷರ ಕಣ್ಣು ಒದ್ದೆಯಾಯಿತು. "ಜೀವನ ಪೂರ್ತಿ ಉಣ್ಣೆ ಮಾರಿದೆ. ಕುರಿಯ ಹೊರಗಡೆ ಮಾತ್ರ ನೋಡಿದ್ದೆ. ಒಳಗೆ ಅದು ಇಷ್ಟು ಕಷ್ಟಪಡುತ್ತೆ ಅಂತ ಯಾರೂ ಹೇಳಲಿಲ್ಲ." ಪ್ರಾಂಶುಪಾಲರ ಕಡೆ ತಿರುಗಿದರು. "ಏನ್ರೀ, ಇಂಥ ಕೊಠಡೀನ ಮುಚ್ಚೋಕೆ ಹೊರಟಿದ್ರಾ?"

"ಹಾಗಲ್ಲ, ಜಾಗದ ಅಭಾವ..."

"ಅಭಾವ ಇರೋದು ಇಲ್ಲಿ! ಕಣ್ಣು ಬಿಟ್ಟು ನೋಡಿ, ಪಾಪ ಸಂಶೋಧಕರಿಗೆ ಕೂರೋಕೆ ಒಂದು ಅಂಗೈ ಜಾಗ ಇಲ್ಲ. ಕಿಟಕಿ ಮೇಲೂ ಪುಸ್ತಕ. ಈ ಗೋಡೆ ಆಚೆ ಏನಿದೆ?"

ಗ್ರಂಥಪಾಲಕಿ ಪಿಸುಗುಟ್ಟಿದರು: "ಪ್ರಾಂಶುಪಾಲರ ಕೊಠಡಿ, ಸಾರ್."

"ಗೋಡೆ ಒಡೀರಿ," ಎಂದರು ಅಧ್ಯಕ್ಷರು.

ಷಡ್ಡಕರು ವ್ಯಾಪಾರಸ್ಥರು. ಗಾಳಿ ಯಾವ ಕಡೆಗೆ ಎಂದು ತಿಳಿಯಲು ಅವರಿಗೆ ಹೆಚ್ಚು ಹೊತ್ತು ಬೇಡ. ಮರುಕ್ಷಣವೇ ಓರಣಯ್ಯನವರ ಹೆಗಲ ಮೇಲೆ ಕೈ ಬಿತ್ತು. "ನಮ್ಮ ಷಡ್ಡಕ ಸಾರ್ ಇವನು! ಮೊದಲಿಂದಲೂ ಇವನಿಗೆ ಸಂಶೋಧನೆ ಅಂದ್ರೆ ಪ್ರಾಣ. ನಾನೇ ಇವನನ್ನ ಹುರಿದುಂಬಿಸಿ ಇಲ್ಲಿಗೆ ಕಳಿಸಿದ್ದು. ಅಂದ ಹಾಗೆ, ದುಂಡು ಮೇಜಿನ ಬದಲು ಪುಸ್ತಕದ ಕಪಾಟು ಬೇಕಾಗುತ್ತಲ್ಲ? ನಮ್ಮಲ್ಲಿ ಒಳ್ಳೆ ಮಾಲಿದೆ."

ಹೇಳಿದವರು ಹಾಗೇ ಟೇಪು ಎಳೆದುಕೊಂಡು, ಆಗಲೇ ತಮ್ಮ ಕುರ್ಚಿಗೆ ಮರಳಿ ಕೂತಿದ್ದ ಪ್ರಾಂಶುಪಾಲರ ಕೊಠಡಿಗೆ ನಡೆದರು. ಗೋಡೆಯ ಆಚೆಯಿಂದ ಅವರ ದನಿ ಕೇಳಿಸಿತು: "ಸಾರ್, ತಾವು ಕೂತೇ ಇರಿ, ಎದ್ದೇಳೋದೇನೂ ಬೇಡ. ಕಾಲು ಮಾತ್ರ ಸ್ವಲ್ಪ ಮೇಲಕ್ಕೆತ್ತಿ."

ಎಲ್ಲರೂ ಹೋದ ಮೇಲೆ ಗ್ರಂಥಪಾಲಕಿ ಬಾಗಿಲು ಹಾಕಿ ಬಂದು ಓರಣಯ್ಯನವರ ಎದುರು ನಿಂತರು.

"ಸಾರ್, ಓದೋ ಜನ ಯಾರೂ ಪುಸ್ತಕಾನ ಒಂದರಿಂದ ಅರವತ್ತರವರೆಗೆ ಕ್ರಮವಾಗಿ ಜೋಡಿಸಿ ಬಿಟ್ಟುಹೋಗಲ್ಲ."

ಓರಣಯ್ಯನವರು ಎದೆಗೆ ಅವಚಿದ್ದ ಸಂಪುಟಗಳನ್ನು ಮೆಲ್ಲಗೆ ಮೇಜಿಗಿಳಿಸಿದರು. "ಅದು... ಸುಮ್ಮನೆ ಚೆಲ್ಲೋಕೆ ಮನಸ್ಸು ಬರಲಿಲ್ಲಮ್ಮ."

"ಮೊದಲು ಮೂರು ವಾರ ಮೇಜು ಖಾಲಿ ಮಾಡಿದವರೂ ನೀವೇ ಅಲ್ವಾ?"

ಓರಣಯ್ಯನವರು ನೆಲ ನೋಡಿದರು. ನೆಲ ಚೊಕ್ಕಟವಾಗಿತ್ತು, ಅಲ್ಲಿ ಮಾಡಲು ಕೆಲಸವೇನೂ ಇರಲಿಲ್ಲ. ಗ್ರಂಥಪಾಲಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಿಯಮಕ್ಕೆ ಭಂಗ ಬಾರದಂತೆ, ಸದ್ದಿಲ್ಲದೆ ಬಹಳ ಹೊತ್ತು ನಕ್ಕರು. ಕಣ್ಣೊರೆಸಿಕೊಂಡು, "ಎರೆಹುಳು ಕೆಳಗಿನ ಅಂಕಣದಲ್ಲಿದೆ. ನೀವು ಬಗ್ಗಬೇಡಿ, ನಾನೇ ತೆಗೆದುಕೊಡ್ತೀನಿ. ಆದ್ರೆ ಇನ್ಮೇಲೆ ಈ ಕೊಠಡಿಗೆ ಬಂದ್ರೆ ಎರಡೂ ಕೈ ಜೇಬಲ್ಲಿರಬೇಕು," ಎಂದರು.

ಹೀಗೆ ಮಗಳ ಪ್ರಾಜೆಕ್ಟು ಮುಗಿಯಿತು. ಅಷ್ಟರಲ್ಲಿ ಪ್ಲಾಸ್ಟರೂ ಬಿಚ್ಚಿತು. ಕೋಲೂರಿಕೊಂಡು ಅವಳು ಕೊನೆಯ ರುಜು ಹಾಕಿಸಲು ಪ್ರಾಂಶುಪಾಲರನ್ನು ಹುಡುಕಿಕೊಂಡು ಹೋದಳು. ಅವರ ಕೊಠಡಿಯಲ್ಲಿ ಗೋಡೆಯೂ ಇರಲಿಲ್ಲ, ಅವರೂ ಇರಲಿಲ್ಲ. ದೊಡ್ಡಪ್ಪನ ಅಂಗಡಿಯ ಹೊಸ ಕಪಾಟುಗಳು ಸಾಲಾಗಿ ನಿಂತಿದ್ದವು. ಪ್ರಾಂಶುಪಾಲರು ಸಿಕ್ಕಿದ್ದು ಹೊರಗಿನ ಮೊಗಸಾಲೆಯಲ್ಲಿ. ಕಂಬದ ಪಕ್ಕ ಒಂದು ಪುಟ್ಟ ಮೇಜು ಹಾಕಿಕೊಂಡು, ಗಾಳಿಗೆ ಹಾರುವ ಕಾಗದಗಳನ್ನು ಮೊಣಕೈಯಲ್ಲಿ ಒತ್ತಿ ಹಿಡಿದು ಕೂತಿದ್ದರು.

ಪ್ರಾಜೆಕ್ಟನ್ನು ತೆಗೆದುಕೊಂಡರು. ಪೆನ್ನಿನ ಮುಚ್ಚಳ ತೆರೆದರು. ಮೊದಲ ಪುಟದ ಮೇಲಿನ ಶೀರ್ಷಿಕೆಯನ್ನೂ ಅದರ ಕೆಳಗಿದ್ದ 'ವಿಜ್ಞಾನ ಕೊಠಡಿಯಿಂದ ಲೇಖನ ಹುಡುಕಿ ತಂದ ಅಪ್ಪನಿಗೆ' ಎಂಬ ಅರ್ಪಣೆಯನ್ನೂ ಓದಿದವರು ಬೆಚ್ಚಿ ತಲೆಯೆತ್ತಿ, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದರು.

"ಎರೆಹುಳುನಾ? ನೋಡಮ್ಮ, ದಮ್ಮಯ್ಯ, ಇದನ್ನ ಅಧ್ಯಕ್ಷರಿಗೆ ವಿವರಿಸೋಕೆ ಮಾತ್ರ ನಿಮ್ಮಪ್ಪನನ್ನ ಕಳಿಸಬೇಡ. ನನಗೆ ಇನ್ನು ಉಳಿದಿರೋದು ಈ ಮೊಗಸಾಲೆ ಒಂದೇ."